ಒಂದೇ ಅಂಕ, ಎರಡು ಮನೆ: ಕೂಲಿಯವರ ಮಗಳು ಎಂಜಿನಿಯರಿಂಗ್ ಸೇರಬೇಕಾದರೆ ಯಾವತ್ತು ಏನು ಕೈಯಲ್ಲಿರಬೇಕು?

ಅರಳೀಕಟ್ಟೆ, ಮದ್ದೂರು ತಾಲ್ಲೂಕು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಬರುವ ಇಬ್ಬರು ಹುಡುಗಿಯರ ವಿಚಾರ ಕೇಳಬೇಕಿತ್ತು. ಇಬ್ಬರದೂ ಒಂದೇ ಊರು, ಒಂದೇ ಜಾತಿ (ಹಿಂದುಳಿದ ವರ್ಗಗಳ ಮೀಸಲಿನಲ್ಲಿ ಪ್ರವರ್ಗ 3ಎ), ದೂರದ ದಾಯಾದಿಗಳೇ. ಪಿಯುನಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಇಬ್ಬರಿಗೂ ಶೇ 84ರ ಆಸುಪಾಸು ಬಂದಿದೆ. ಸಿಇಟಿ ಬರೆದಾಗಿದೆ, ರ‍್ಯಾಂಕ್ ಬರಬೇಕು.

ಒಬ್ಬಳ ಅಪ್ಪ ಹೈಸ್ಕೂಲು ಮೇಷ್ಟ್ರು. ಹೋದ ವರ್ಷದ ಕಟ್‌ಆಫ್ ಪಟ್ಟಿ (ಯಾವ ಸೀಟು ಯಾವ ರ‍್ಯಾಂಕಿನವರೆಗೆ ಹೋಯಿತು ಅನ್ನೋದು) ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿ ಇಟ್ಟಿದ್ದಾರೆ. ಇನ್ನೊಬ್ಬಳ ಅಪ್ಪ ಕಬ್ಬಿನ ಲಾರಿಗೆ ಲೋಡ್ ಮಾಡ್ತಾರೆ, ಅವ್ವ ಕೂಲಿಗೆ ಹೋಗ್ತಾರೆ. ಇಪ್ಪತ್ತು ಗುಂಟೆ ಗದ್ದೆ ಇದೆ, ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ. ಆ ಮನೆಯವರು ಕೇಳೋದು ಒಂದೇ ಪ್ರಶ್ನೆ: "ಎಷ್ಟಾಯ್ತದೆ?" ಊರಲ್ಲಿ ಒಬ್ಬರು "ಬಡವರಿಗೆ ಎಲ್ಲಾ ಫ್ರೀ" ಅಂತಾರೆ, ಇನ್ನೊಬ್ಬರು "ಲಕ್ಷಗಟ್ಟಲೆ ಸುರೀಬೇಕು, ಡಿಗ್ರಿಗೆ ಹಾಕಿ" ಅಂತಾರೆ. ಯಾವುದು ನಿಜ? ಈಗ ಯಾವ ಕಾಗದ ಸರಿಮಾಡಿಸಬೇಕು, ಯಾವ ದಿನಕ್ಕೆ ಎಷ್ಟು ನಗದು ಬೇಕು, ಎಲ್ಲಿ ಎಡವುತ್ತಾರೆ? ಧೈರ್ಯ ಹೇಳುವ ಮಾತು ಬೇಡ ಸಾರ್, ಲೆಕ್ಕ ಬೇಕು.

ಪಡುವಾರಹಳ್ಳಿ (ಉತ್ತರ 1)

ಎರಡೂ ನಿಜ, ಎರಡೂ ಸುಳ್ಳು. ಸರ್ಕಾರ ಕೊಡುತ್ತದೆ, ಆದರೆ ಆಮೇಲೆ ಕೊಡುತ್ತದೆ. ಶುಲ್ಕವನ್ನು ಸೀಟು ಸಿಕ್ಕ ನಾಲ್ಕೈದು ದಿನದೊಳಗೆ ಕಟ್ಟಬೇಕು, ವಿದ್ಯಾರ್ಥಿವೇತನ ಬರುವುದು ತಿಂಗಳುಗಳು ಕಳೆದ ಮೇಲೆ. ಮೇಷ್ಟ್ರ ಮನೆಗೆ ಈ ನಡುವಿನ ಅವಧಿ ಕಾಣಿಸುವುದೇ ಇಲ್ಲ, ಉಳಿತಾಯ ಖಾತೆಯಿಂದ ತೆಗೆದು ಕಟ್ಟಿ ಮರೆತುಬಿಡುತ್ತಾರೆ. ಕೂಲಿಯವರ ಮನೆಯ ಮಕ್ಕಳು ಬಿಟ್ಟುಹೋಗುವುದು ಆ ಅವಧಿಯಲ್ಲೇ.

ದುಡ್ಡಿನ ವಿಷಯ ಆಮೇಲೆ. ಮೊದಲು ಸೀಟಿನ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಅನುದಾನರಹಿತ (ಸರ್ಕಾರದ ದುಡ್ಡು ಬಾರದ) ಖಾಸಗಿ ಕಾಲೇಜಿನಲ್ಲಿ ಒಂದು ಬ್ರಾಂಚಿಗೆ 60 ಸೀಟು ಎಂದಿಟ್ಟುಕೊಳ್ಳಿ. ಸಿಇಟಿ ನಡೆಸುವ ಸರ್ಕಾರಿ ಪ್ರಾಧಿಕಾರ ಕೆಇಎ ಮೂಲಕ ಹಂಚುವುದು ಶೇ 45, ಅಂದರೆ 27. ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪರೀಕ್ಷೆ ಕಾಮೆಡ್‌ಕೆಗೆ, 18. ಉಳಿದ ಶೇ 25, ಅಂದರೆ 15, ಮ್ಯಾನೇಜ್‌ಮೆಂಟ್ ಕೈಯಲ್ಲಿ. ದುಡ್ಡಿದ್ದವರಿಗೆ ಮೂರು ಬಾಗಿಲು, ಇಲ್ಲದವರಿಗೆ ಒಂದೇ. ಆ 27ರಲ್ಲಿ 3ಎ ಪಾಲು ಶೇ 4, ಹೆಚ್ಚುಕಮ್ಮಿ ಒಂದು ಸೀಟು. ಅದರೊಳಗೆ ಮತ್ತೆ ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಹಂಚಬೇಕು. ಹಾಗಾಗಿಯೇ ಕಟ್‌ಆಫ್ ಪಟ್ಟಿಯಲ್ಲಿ 3ಎಜಿ, 3ಎಆರ್, 3ಎಕೆ (3ಎ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ) ಕಾಲಂಗಳು ಬಹಳ ಕಡೆ ಖಾಲಿ ಇರುತ್ತವೆ, ಇದ್ದಲ್ಲಿ ವರ್ಷದಿಂದ ವರ್ಷಕ್ಕೆ ಹುಚ್ಚಾಪಟ್ಟೆ ಏರಿಳಿಯುತ್ತವೆ. ಅವಳು ನೋಡಬೇಕಾದ್ದು ಜಿಎಂ (ಎಲ್ಲರಿಗೂ ತೆರೆದ ಸಾಮಾನ್ಯ ಪಾಲು), ಜಿಎಂಆರ್ (ಅದರಲ್ಲೇ ಗ್ರಾಮೀಣ), ಎಸ್‌ಎನ್‌ಕ್ಯೂ ಕಾಲಂಗಳು.

ಎಸ್‌ಎನ್‌ಕ್ಯೂ ಗೊತ್ತಿಲ್ಲದವರೇ ಹೆಚ್ಚು. ಮಂಜೂರಾದ ಸೀಟಿನ ಮೇಲೆ ಶೇ 5 ಹೆಚ್ಚುವರಿ ಸೀಟು, 60ಕ್ಕೆ 3. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಜಾತಿ ಯಾವುದಾದರೂ ಅರ್ಹರು, ಬೋಧನಾ ಶುಲ್ಕ ಮನ್ನಾ. ಅಂದರೆ ಈ ಹುಡುಗಿಗೆ ತನ್ನ ಪ್ರವರ್ಗದಲ್ಲಿರುವುದು ಒಂದು ಸೀಟು, ಎಸ್‌ಎನ್‌ಕ್ಯೂನಲ್ಲಿ ಮೂರು. ಆದರೆ ಇದನ್ನು ಸಿಇಟಿ ಅರ್ಜಿ ತುಂಬುವಾಗಲೇ ಕೇಳಿಕೊಂಡಿರಬೇಕು, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆಯ ಸಮೇತ. ಸೈಬರ್ ಸೆಂಟರಿನಲ್ಲಿ ತುಂಬಿಸಿದ ಅರ್ಜಿಯಲ್ಲಿ ಈ ಕಾಲಂ "ಇಲ್ಲ" ಎಂದು ಬಿದ್ದಿರುವುದು ಮಾಮೂಲು. ಇವತ್ತೇ ಅರ್ಜಿಯ ಪ್ರಿಂಟ್ ತರಿಸಿ ನೋಡಿ. ಕೆಇಎ ತಿದ್ದುಪಡಿಗೆ ಅವಕಾಶ ಕೊಟ್ಟಾಗ ತಿದ್ದಬೇಕು, ಆ ದಿನಗಳು ಕಳೆದರೆ ಮುಗಿಯಿತು. ಒಮ್ಮೆ ಎಸ್‌ಎನ್‌ಕ್ಯೂ ಸೀಟು ಹಿಡಿದರೆ ಮುಂದೆ ಕಾಲೇಜು, ಬ್ರಾಂಚ್ ಬದಲಾಯಿಸಲು ಬರುವುದಿಲ್ಲ, ಇದನ್ನೂ ತಿಳಿದಿರಲಿ.

ಅದೇ ಪ್ರಿಂಟಿನಲ್ಲಿ ಇನ್ನೊಂದು ನೋಡಿ: ಮೊಬೈಲ್ ಸಂಖ್ಯೆ ಯಾರದು? ಎಷ್ಟೋ ಅರ್ಜಿಗಳಲ್ಲಿ ಸೈಬರ್ ಸೆಂಟರಿನವನ ನಂಬರೇ ಇರುತ್ತದೆ. ಸೀಟು ಹಂಚಿಕೆಯ ದಿನ ಒಟಿಪಿ ಅವನಿಗೆ ಹೋಗುತ್ತದೆ, ಅವನು ಮದುವೆಗೆ ಹೋಗಿರುತ್ತಾನೆ.

ಗ್ರಾಮೀಣ ಮೀಸಲಿಗೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಎಲ್ಲಿದೆ ಎಂಬುದೇ ಲೆಕ್ಕ. ಹೊಟ್ಟೆಬಟ್ಟೆ ಕಟ್ಟಿ ಎಂಟನೇ ಕ್ಲಾಸಿಗೆ ಮಗಳನ್ನು ಮದ್ದೂರು ಪುರಸಭೆ ಎಲ್ಲೆಯೊಳಗಿನ ಕಾನ್ವೆಂಟಿಗೆ ವ್ಯಾನಿನಲ್ಲಿ ಕಳಿಸಿದ ಕೂಲಿಯವರು ಗ್ರಾಮೀಣ, ಕನ್ನಡ ಮಾಧ್ಯಮ ಎರಡನ್ನೂ ಕಳೆದುಕೊಳ್ಳುತ್ತಾರೆ. ಅದೇ ಮೈಸೂರಿನ ಸುತ್ತ ಗ್ರಾಮ ಪಂಚಾಯಿತಿ ಎಲ್ಲೆಯಲ್ಲಿ ಈಜುಕೊಳ ಇಟ್ಟುಕೊಂಡಿರುವ ಶಾಲೆಯ ಮಗು ಕಾಗದದ ಮೇಲೆ ಗ್ರಾಮೀಣ. ಜಿಎಂನವರು ಕೆನೆಪದರಕ್ಕೆ (ಆದಾಯ ಹೆಚ್ಚಿರುವವರ ಗುಂಪಿಗೆ) ಸೇರಿಲ್ಲ ಎಂದು ಪ್ರಮಾಣಪತ್ರ ತರಬೇಕು ಎಂಬ ಷರತ್ತು ಇರುವುದರಿಂದ ಅಷ್ಟಾದರೂ ಜರಡಿ ಇದೆ. ಹೂಟಗಳ್ಳಿ 2020ರಲ್ಲಿ ನಗರಸಭೆಯಾಯಿತು; ಬೋಗಾದಿ, ಶ್ರೀರಾಂಪುರ, ಕಡಕೊಳ, ರಮ್ಮನಹಳ್ಳಿ ಪಟ್ಟಣ ಪಂಚಾಯಿತಿಗಳಾದವು. ಆ ಕಡೆ ಓದಿದ ಮಕ್ಕಳಿದ್ದರೆ ಬಿಇಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಆಲೆಮನೆ (ಉತ್ತರ 2)

ಮೇಲಿನವರು ಸೀಟು ಹೇಳಿದ್ದಾರೆ, ನಾನು ಕಾಸು ಹೇಳ್ತೀನಿ. ಎಲ್ಲಾ ಅಂದಾಜು, ಕಾಲೇಜು ನೋಡಿ ಹೆಚ್ಚುಕಮ್ಮಿ ಆಗುತ್ತೆ.

ಮೊದಲನೇದು, ಒಂದೇ ಕಾಲೇಜಿಗೆ ಎರಡು ರೇಟು ಇರುತ್ತೆ. ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇ, ಎಸ್‌ಜೆಸಿಇ ಇಂಥ ಹಳೇ ಕಾಲೇಜುಗಳಲ್ಲಿ ಕೆಲವು ಬ್ರಾಂಚು ಅನುದಾನಿತ, ಕೆಲವು ಅನುದಾನರಹಿತ. ಆಪ್ಷನ್ ಪಟ್ಟಿಯಲ್ಲಿ (ಬೇಕಾದ ಕಾಲೇಜು, ಬ್ರಾಂಚು ಕ್ರಮವಾಗಿ ಹಾಕೋ ಪಟ್ಟಿ) ಬೇರೆ ಬೇರೆಯಾಗಿ ತೋರಿಸಿರ್ತಾರೆ. ಅನುದಾನರಹಿತ ಸೀಟಿಗೆ ವರ್ಷಕ್ಕೆ ಲಕ್ಷದ ಮೇಲೆ ಆದ್ರೆ ಅನುದಾನಿತಕ್ಕೆ ಅದರ ಅರ್ಧವೂ ಆಗಲ್ಲ. ಅದೇ ಕ್ಯಾಂಪಸ್ಸು, ಅದೇ ಡಿಗ್ರಿ. ಮೇಷ್ಟ್ರ ಮಗಳು "ಕಂಪ್ಯೂಟರ್ ಸೈನ್ಸೇ ಬೇಕು" ಅಂತ ಬರೀಬಹುದು. ಇವಳು ಅನುದಾನಿತ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಲ್ಲೆಲ್ಲಿ ಇದೆ ಅಂತ ಮೊದಲು ಗುರುತು ಹಾಕ್ಕೊಂಡು ಆಮೇಲೆ ಉಳಿದದ್ದು ಬರೀಬೇಕು.

ಆಪ್ಷನ್ ಎಷ್ಟು ಬೇಕಾದ್ರೂ ಹಾಕಬಹುದು, ಮಿತಿ ಇಲ್ಲ. ಬಡವರ ಮಕ್ಕಳು ಎಂಟೋ ಹತ್ತೋ ಹಾಕಿ ಎದ್ದುಬರ್ತಾರೆ, ಹಿಂದೆ ಕ್ಯೂ ಇರುತ್ತಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದೋರು ನೂರು ಹಾಕ್ತಾರೆ. ಅದಕ್ಕೆ ರಾತ್ರಿ ನೋಟ್‌ಬುಕ್ಕಲ್ಲಿ ಕೈಯಲ್ಲೇ ಬರೆದಿಡಿ: ಕಾಲೇಜು, ಸಂಕೇತ, ಬ್ರಾಂಚು, ಶುಲ್ಕ, ಹೋದ ವರ್ಷದ ಕೊನೇ ರ‍್ಯಾಂಕು, ಊರಿಂದ ಬಸ್ಸು. ಕನಿಷ್ಠ 50 ಸಾಲು. ಪಟ್ಟಿ ಕೈಯಲ್ಲಿದ್ರೆ ಸೆಂಟರಿನಲ್ಲಿ ಅರ್ಧ ಗಂಟೆ ಕೆಲಸ. ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಪ್ರಯೋಗ) ಬಂದಮೇಲೆ ಕ್ರಮ ಬದಲಾಯಿಸೋಕೆ ಅವಕಾಶ ಸಿಗುತ್ತೆ, ಆ ದಿನ ತಪ್ಪಿಸಬೇಡಿ.

ಹಂಚಿಕೆ ಆದಮೇಲೆ ನಾಲ್ಕು ಆಯ್ಕೆ ಕೇಳುತ್ತೆ. 1 ಅಂದ್ರೆ ಒಪ್ಪಿದೆ, ಸೇರ್ತೀನಿ. 2 ಅಂದ್ರೆ ಇದು ಇರಲಿ, ಮುಂದಿನ ಸುತ್ತಲ್ಲಿ ಮೇಲಿಂದು ಸಿಕ್ಕರೆ ನೋಡ್ತೀನಿ. 3 ಅಂದ್ರೆ ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ. 4 ಅಂದ್ರೆ ಏನೂ ಬೇಡ, ಮನೆಗೆ ಹೋಗ್ತೀನಿ. ದುಡ್ಡು ಹೊಂದದೆ ಇರೋರು "ಟೈಮ್ ಸಿಗುತ್ತಲ್ಲ" ಅಂತ 3 ಒತ್ತಿ ಕೈಲಿದ್ದ ಸೀಟು ಕಳ್ಕೊಳ್ತಾರೆ. ಆ ಸೀಟು ಇನ್ನೊಬ್ಬರ ಪಾಲು, ತಿರುಗಿ ಬರಲ್ಲ. ಯಾವ ಆಯ್ಕೆಗೆ ಯಾವಾಗ ದುಡ್ಡು ಕಟ್ಟಬೇಕು ಅನ್ನೋ ನಿಯಮ ವರ್ಷವರ್ಷ ಬದಲಾಗುತ್ತೆ, ಆ ವರ್ಷದ ಸೂಚನೆ ಓದಿಯೇ ಒತ್ತಿ.

ಈಗ ನಗದು. ಎರಡನೇ ಹುಡುಗಿಗೆ ಅನುದಾನಿತ ಸೀಟು ಸಿಕ್ಕಿತು ಅಂತಿಟ್ಕೊಳ್ಳಿ. ಶುಲ್ಕ ಸುಮಾರು 45,000. ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ನೋಂದಣಿ ಅದೂ ಇದೂ ಅಂತ ಕೇಳೋದಕ್ಕೆ 5,000 ಇಟ್ಕೊಳ್ಳಿ. ಸೈಂಟಿಫಿಕ್ ಕ್ಯಾಲ್ಕುಲೇಟರ್, ರೆಕಾರ್ಡ್, ಪುಸ್ತಕ, ವರ್ಕ್‌ಶಾಪಿನ ಶೂ ಸೇರಿ 5,000. ಸರ್ಕಾರಿ ಹಾಸ್ಟೆಲ್ ಪಟ್ಟಿ ಬರೋದು ತರಗತಿ ಶುರುವಾಗಿ ಒಂದೆರಡು ತಿಂಗಳು ಆದಮೇಲೆ. ಅಲ್ಲೀತನಕ ಪಿಜಿ ಅಂದ್ರೆ ತಿಂಗಳಿಗೆ 6,000ದಿಂದ 7,000, ಜೊತೆಗೆ ಅಡ್ವಾನ್ಸು. ಓಡಾಡ್ತಾಳೆ ಅಂದ್ರೆ ಆ ಖರ್ಚು ಉಳಿಯುತ್ತೆ, ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆ ಸಾಮಾನ್ಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಒಟ್ಟಾರೆ ಓಡಾಡಿದರೆ 55,000, ಪಿಜಿ ಹಿಡಿದರೆ 75,000 ಮೊದಲ ಎರಡು ತಿಂಗಳಲ್ಲೇ ಬೇಕು. ಮನೆಯಿಂದ ಇಷ್ಟು ಒಟ್ಟಿಗೆ ಹೊರಡಲ್ಲ.

ಎಲ್ಲಿಂದ? ಅರಿವು ಸಾಲ ಅಂತಿದೆ. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮದಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ, ಬಡ್ಡಿ ಶೇ 2. 3ಎನಲ್ಲಿ ಒಕ್ಕಲಿಗರಾದ್ರೆ ಅವರದೇ ಸಮುದಾಯ ಅಭಿವೃದ್ಧಿ ನಿಗಮದಲ್ಲಿ ಕೇಳಬೇಕು. ಅರ್ಜಿ ಕರೆಯೋದು ಕೆಲವೇ ದಿನ, ಸೀಟು ಸಿಗಲಿ ಆಮೇಲೆ ನೋಡೋಣ ಅಂತ ಕೂತ್ರೆ ತಪ್ಪಿಹೋಗುತ್ತೆ.

ಬ್ಯಾಂಕು ಶಿಕ್ಷಣ ಸಾಲ: 4 ಲಕ್ಷದವರೆಗೆ ಅಡಮಾನ ಇಲ್ಲ, ಜಾಮೀನುದಾರರೂ ಬೇಡ, ಅಪ್ಪನೋ ಅವ್ವನೋ ಸಹಸಾಲಗಾರರಾದ್ರೆ ಸಾಕು. ಮ್ಯಾನೇಜರು "ಪಹಣಿ ತಂದ್ಕೊಡಿ" ಅಂದ್ರೆ ವಿದ್ಯಾಲಕ್ಷ್ಮಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ ಅದರ ಸಂಖ್ಯೆ ತೋರಿಸಿ, ನಿರಾಕರಿಸೋದಾದ್ರೆ ಬರವಣಿಗೆಯಲ್ಲಿ ಕಾರಣ ಕೇಳಿ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ರೆ ಓದುವ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಉಂಟು, ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ನೋಡ್ಕೊಳ್ಳಿ. ಇದನ್ನ ಬಾಯಿಬಿಟ್ಟು ಕೇಳಬೇಕು, ಕೇಳದೆ ಹೋದ್ರೆ ಎಷ್ಟೋ ಶಾಖೆಯೋರು ಹಾಕದೇ ಬಿಡ್ತಾರೆ.

ಸಾಲ ಸಾಮಾನ್ಯವಾಗಿ ಮುರಿದುಬೀಳೋದು ಅವ್ವನ ಹೆಸರಿನ ಸಂಘದ ಕಂತಿನಿಂದ. ಮೈಕ್ರೋಫೈನಾನ್ಸಿನಲ್ಲಿ ಎರಡು ಕಂತು ತಪ್ಪಿದ್ರೂ ಸಿಬಿಲ್‌ನಲ್ಲಿ (ಯಾರು ಸಾಲ ಹೇಗೆ ತೀರಿಸಿದ್ರು ಅನ್ನೋ ದಾಖಲೆ) ಕೂತಿರುತ್ತೆ. ಸಹಸಾಲಗಾರರಾಗಿ ಅಪ್ಪ, ಅವ್ವ ಇಬ್ಬರಲ್ಲಿ ಯಾರದು ಚೊಕ್ಕವಾಗಿದೆ ಅಂತ ಈಗಲೇ ತೆಗೆಸಿ ನೋಡಿ. ವರ್ಷಕ್ಕೊಂದು ಸಲ ವರದಿ ಉಚಿತ.

ಇನ್ನು ಕಬ್ಬಿನ ದುಡ್ಡು ನಂಬ್ಕೊಂಡು ದಿನ ಗೊತ್ತುಮಾಡಬೇಡಿ. ಕಾರ್ಖಾನೆ 14 ದಿನದಲ್ಲಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ, ಹೇಳುತ್ತೆ ಅಷ್ಟೆ. ಕಡಿಮೆ ರೇಟಿಗಾದರೂ ಆಲೆಮನೆಗೆ ಹಾಕೋರು ಹಾಕೋದು ಅದಕ್ಕೇ, ಅಲ್ಲಿ ಕಾಸು ಕೈಗೆ ಬರುತ್ತೆ. ಅನುಕೂಲಸ್ಥ ರೈತ ಕಾಯ್ದು ಪೂರ್ತಿ ಬೆಲೆ ತಗೋತಾನೆ, ಕಾಯೋಕಾಗದವನು ಟನ್ನಿಗಿಷ್ಟು ಅಂತ ಬಿಟ್ಟುಕೊಡ್ತಾನೆ. ಸೀಟಿನದೂ ಇದೇ ಕಥೆ ಕಣಣ್ಣ.

ಅರಳೀಕಟ್ಟೆ

ಪ್ರಿಂಟ್ ನೋಡಿದೆ ಸಾರ್. ಎಸ್‌ಎನ್‌ಕ್ಯೂ "ಹೌದು" ಅಂತಲೇ ಇದೆ, ಪುಣ್ಯ. ಫೋನ್ ನಂಬರ್ ಮಾತ್ರ ನೀವು ಹೇಳಿದ ಹಾಗೇ ಆಗಿದೆ. ಇನ್ನೊಂದು ತೊಡಕು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಕೊನೆಗಿದೆ, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿದೆ. ಮತ್ತೆ ಆ ಪಹಣಿ ತಾತನ ಹೆಸರಲ್ಲಿರೋದರಿಂದ ಏನಾದರೂ ತೊಂದರೆ ಆಗುತ್ತಾ?

ಅರ್ಜಿ ಬರೆಯುವವ, ಮಂಡ್ಯ (ಉತ್ತರ 3)

ಆಗುತ್ತೆ. ಒಂದೊಂದಾಗಿ ಹೇಳುತ್ತೇನೆ.

ಹೆಸರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ತಾಯಿಬೇರು. ಅದರಂತೆ ಆಧಾರ್ ತಿದ್ದಿಸಿ, ಆಮೇಲೆ ಆಧಾರ್‌ನಂತೆ ಬ್ಯಾಂಕಿನಲ್ಲಿ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಆಪರೇಟರ್ ಟೈಪ್ ಮಾಡಿದ್ದನ್ನು ರಸೀದಿಯಲ್ಲಿ ಅಕ್ಷರಅಕ್ಷರ ಓದಿ, ಚುಕ್ಕೆ ಎಲ್ಲಿದೆ, ಖಾಲಿ ಜಾಗ ಎಲ್ಲಿದೆ ಅನ್ನುವುದೂ ಸೇರಿ.

ಬ್ಯಾಂಕ್: ವಿದ್ಯಾರ್ಥಿವೇತನ ಹೋಗುವುದು ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಆ ಖಾತೆಗೆ. ಹುಡುಗಿಗೆ ಆರನೇ ಕ್ಲಾಸಿನಲ್ಲಿ ಶಾಲೆಯವರು ಮಾಡಿಸಿದ ಖಾತೆ ಒಂದಿರುತ್ತದೆ, ವ್ಯವಹಾರವಿಲ್ಲದೆ ನಿಂತುಹೋಗಿರುತ್ತದೆ, ದುಡ್ಡು ಅಲ್ಲಿಗೆ ಹೋಗಿ ವಾಪಸಾಗುತ್ತದೆ. ಪೋರ್ಟಲ್ಲಿನಲ್ಲಿ "ಮಂಜೂರಾಗಿದೆ" ಎಂದೇ ತೋರಿಸುತ್ತಿರುತ್ತದೆ, ಖಾತೆಯಲ್ಲಿ ಸೊನ್ನೆ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ, ಬೇರೆ ಬ್ಯಾಂಕ್ ತೋರಿಸಿದರೆ ಈಗಿನ ಶಾಖೆಯಲ್ಲಿ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಜೋಡಣೆಗೆ ಅರ್ಜಿ ಕೊಡಿ. "ಆಧಾರ್ ಲಿಂಕ್ ಆಗಿದೆ" ಎಂದು ಕ್ಲರ್ಕ್ ಹೇಳಿದರೆ ನಂಬಬೇಡಿ. ಲಿಂಕ್ ಬೇರೆ, ಸೀಡಿಂಗ್ ಬೇರೆ: ಲಿಂಕ್ ಅಂದರೆ ಬ್ಯಾಂಕಿನ ದಾಖಲೆಯಲ್ಲಿ ಆಧಾರ್ ಸೇರಿರುವುದು, ಸೀಡಿಂಗ್ ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಎಂದು ಎನ್‌ಪಿಸಿಐನಲ್ಲಿ ಗುರುತಾಗಿರುವುದು.

ಜಾತಿ-ಆದಾಯ: 3ಎ ಆದ್ದರಿಂದ ನಮೂನೆ ಎಫ್, ಐದು ವರ್ಷ ಊರ್ಜಿತ. ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ. ಪ್ರಮಾಣಪತ್ರ ವಿದ್ಯಾರ್ಥಿನಿಯ ಹೆಸರಲ್ಲೇ ಇರಲಿ, ಅಪ್ಪನ ಹೆಸರಿನದು ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಹೊಂದುವುದಿಲ್ಲ. ಹಳೆಯದು ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದಾದರೆ ದಿನಾಂಕ ನೋಡಿ, ಸರಿಯಾಗಿ ಕೌನ್ಸೆಲಿಂಗ್ ಹೊತ್ತಿಗೆ ಅವಧಿ ಮುಗಿಯುತ್ತದೆ. ನಾಡಕಚೇರಿಯಲ್ಲಿ ಅರ್ಜಿ, ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ವಿಚಾರಣೆ, ರಾಜಸ್ವ ನಿರೀಕ್ಷಕರು, ಆಮೇಲೆ ಉಪತಹಶೀಲ್ದಾರರ ಸಹಿ. ವಿಚಾರಣೆಗೆ ಬಂದಾಗ ಮನೆಯಲ್ಲಿ ಯಾರೂ ಇಲ್ಲದೆ ಕಡತ ನಿಲ್ಲುವುದೇ ಜಾಸ್ತಿ. ಎಲ್ಲರೂ ಗದ್ದೆಯಲ್ಲಿರುತ್ತಾರಲ್ಲ! ಹೆಣ್ಣಾಳಿನ ಕೂಲಿ ನಾನೂರು ಎಂದಿಟ್ಟುಕೊಂಡರೂ ನಾಲ್ಕು ಸಲ ಓಡಾಡಿದರೆ 1,600 ರೂಪಾಯಿ ಹೋಯಿತು. ಯಾವ ಶುಲ್ಕಪಟ್ಟಿಯಲ್ಲೂ ಇದು ಬರುವುದಿಲ್ಲ. ಅರ್ಜಿ ಸಂಖ್ಯೆ ಇಟ್ಟುಕೊಂಡು ಫೋನಿನಲ್ಲೇ ಸ್ಥಿತಿ ನೋಡಿ, ಅಧಿಕಾರಿ ಯಾವ ವಾರ ನಿಮ್ಮೂರಿಗೆ ಬರುತ್ತಾರೆ ಎಂದು ಪಂಚಾಯಿತಿಯಲ್ಲಿ ಕೇಳಿ.

ಆದಾಯದ ಮಿತಿಯನ್ನು ಬೆರೆಸಿಕೊಳ್ಳಬೇಡಿ. ಕೆನೆಪದರಕ್ಕೆ 8 ಲಕ್ಷ, ಎಸ್‌ಎನ್‌ಕ್ಯೂಗೆ 8 ಲಕ್ಷ, ಪರಿಶಿಷ್ಟರ ಮತ್ತು ಪ್ರವರ್ಗ 1ರ ಪೂರ್ಣ ಶುಲ್ಕಕ್ಕೆ 2.5 ಲಕ್ಷ. 3ಎ ವಿದ್ಯಾರ್ಥಿವೇತನ, ಹಾಸ್ಟೆಲ್, ವಿದ್ಯಾಸಿರಿಗೆ ಅದಕ್ಕಿಂತ ಬಿಗಿಯಾದ ಮಿತಿ, ಆ ವರ್ಷದ ಸುತ್ತೋಲೆ ನೋಡಿ. ಹಾಸ್ಟೆಲ್ ಸಿಗದಿದ್ದವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ಎಂಬುದು ಯೋಜನೆಯ ಮೂಲ ಲೆಕ್ಕ. ಹಾಸ್ಟೆಲ್ ಸಿಕ್ಕವರಿಗೆ ಇದು ಇಲ್ಲ. ಎರಡಕ್ಕೂ ಅರ್ಜಿ ಹಾಕಿ.

ಪಹಣಿ: ತಾತನ ಹೆಸರಲ್ಲೇ ಇದ್ದರೆ ಅಪ್ಪನ ಫ್ರೂಟ್ಸ್ (ಸರ್ಕಾರ ಇಡುವ ರೈತರ ದಾಖಲೆ) ಗುರುತಿನ ಸಂಖ್ಯೆಗೆ ಜಮೀನು ಸೇರುವುದಿಲ್ಲ. ಆ ಸಂಖ್ಯೆಯಿಲ್ಲದೆ ರೈತರಿಗಿರುವ ಯಾವ ಯೋಜನೆಯೂ ಸರಿಯಾಗಿ ಮುಟ್ಟುವುದಿಲ್ಲ, ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾರ್ಥಿವೇತನ ವಿದ್ಯಾನಿಧಿಯೂ ಅಷ್ಟೆ, ಅದು ಈಗಲೂ ಇದೆಯೇ ಎಂದು ಕೇಳಿಕೊಳ್ಳಿ. ಪೌತಿ ಖಾತೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಮಾಡಿಸಬೇಕು: ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್. ಅಣ್ಣತಮ್ಮಂದಿರು ಭಾಗ ಒಪ್ಪುತ್ತಿಲ್ಲ ಎಂದು ಇಪ್ಪತ್ತು ವರ್ಷ ಕೂರುವವರಿದ್ದಾರೆ. ಭಾಗ ಆಗಬೇಕಿಲ್ಲ, ಎಲ್ಲರ ಹೆಸರಿಗೂ ಜಂಟಿ ಖಾತೆಯಾದರೆ ಸಾಕು, 11ಇ ನಕ್ಷೆಯೂ (ಜಮೀನು ಭಾಗ ಮಾಡುವಾಗ ಬೇಕಾಗುವ ಅಳತೆ ನಕ್ಷೆ) ಬೇಡ. ಈ ವರ್ಷದ ಶುಲ್ಕದ ದಿನಕ್ಕೆ ಇದು ಮುಗಿಯುತ್ತದೆ ಎಂದುಕೊಳ್ಳಬೇಡಿ, ಎರಡನೇ ವರ್ಷಕ್ಕೆ ಅನುಕೂಲ.

ಅಪ್ಪ ಲೋಡಿಂಗ್ ಜೊತೆಗೆ ಗಾರೆ ಕೆಲಸಕ್ಕೂ ಹೋಗುತ್ತಾರಾ? ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯ ಕಾರ್ಡಿಗೆ ಅರ್ಹರು, ಮಕ್ಕಳ ಓದಿಗೆ ಅಲ್ಲಿಂದಲೂ ಸಹಾಯಧನವಿದೆ. ಕೆಲಸ ಮಾಡದವರೂ ಕಾರ್ಡ್ ಮಾಡಿಸಿಕೊಂಡು ಮಾಡಿದವರು ಬಿಟ್ಟುಹೋಗಿರುವುದು ಬೇರೆ ಮಾತು.

ಮೆಟಗಳ್ಳಿ ಶಿಫ್ಟ್ (ಉತ್ತರ 4)

ಒಂದು ತಕರಾರು. ಎಲ್ಲರೂ ಎಂಜಿನಿಯರಿಂಗ್ ಸೀಟಿನ ಹಿಂದೆಯೇ ಯಾಕೆ? ಈ ಹುಡುಗಿ ಪಿಯು ಮುಗಿಸಿಬಿಟ್ಟಿದ್ದಾಳೆ, ಸರಿ. ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಅವರಿಗೆ ಹೇಳಿ: ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಶುಲ್ಕ ಎಂಜಿನಿಯರಿಂಗ್‌ನ ಮುಂದೆ ಲೆಕ್ಕಕ್ಕೇ ಇಲ್ಲ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ. ಪಿಯು ಎರಡು ವರ್ಷ, ಕೋಚಿಂಗು, ಮೊದಲ ವರ್ಷದ ಬಿಇ ಶುಲ್ಕ ಮೂರೂ ಉಳಿಯುತ್ತವೆ. ನಡುವೆ ಮನೆಯಲ್ಲಿ ಏನಾದರೂ ಆದರೆ ಕೈಯಲ್ಲಿ ಕೆಲಸ ಸಿಗುವಂಥ ಸರ್ಟಿಫಿಕೇಟ್ ಇರುತ್ತದೆ. ಬಿಇ ಎರಡನೇ ವರ್ಷಕ್ಕೆ ಬಿಟ್ಟರೆ ಪಿಯು ಪಾಸಾದವರು ಅಷ್ಟೆ. ಮೈಸೂರಿನ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಮೈಸೂರಿನದೇ ಹೆಬ್ಬಾಳದಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಡಿಪ್ಲೊಮಾ ಇದೆ.

ಇನ್ನೂ ಚಿಕ್ಕವರಿದ್ದರೆ ಐದನೇ ಕ್ಲಾಸಿನಲ್ಲೇ ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯ ಎರಡರ ಪ್ರವೇಶ ಪರೀಕ್ಷೆಯನ್ನೂ ಬರೆಸಿ. ಎರಡೂ ಆರನೇ ತರಗತಿಗೆ. ನವೋದಯದಲ್ಲಿ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಬಡವರಿಗೆ ಖಾಸಗಿ ಶಾಲೆಯ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಬಾಗಿಲು 2019ರಲ್ಲಿ ನಿಯಮ ಬದಲಾದ ಮೇಲೆ ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ.

ಪಡುವಾರಹಳ್ಳಿ

ಮೆಟಗಳ್ಳಿಯವರ ಮಾತು ಒಪ್ಪುತ್ತೇನೆ, ಅರ್ಧ. ಮೇಷ್ಟ್ರ ಮಗಳಿಗೆ ಯಾರೂ ಡಿಪ್ಲೊಮಾ ಸಾಕು ಎನ್ನುವುದಿಲ್ಲ, ಕೂಲಿಯವರ ಮಗಳಿಗೆ ಮಾತ್ರ "ಬೇಗ ಕೆಲಸ ಸಿಗೋದು ನೋಡ್ಕೊ" ಎನ್ನುತ್ತೇವೆ. ಸಲಹೆಯೂ ಮನೆ ನೋಡಿ ಬದಲಾಗುತ್ತದೆ.

ಕುವೆಂಪುನಗರ ಮೂರನೇ ಹಂತ (ಉತ್ತರ 5)

ದುಡ್ಡು, ಅಂತಸ್ತಿನ ಈ ಕಥೆ ಮಂಡ್ಯದಲ್ಲಿ ಹೊಸದಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞೆ, ಮಾನವಶಾಸ್ತ್ರಜ್ಞೆ 1954ರಿಂದ 56ರವರೆಗೆ ಮಂಡ್ಯ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು, ಹಳ್ಳಿಗಳಿಗೆ ವಂಗಲ, ದಲೇನ ಎಂದು ಬದಲಿ ಹೆಸರಿಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿದ್ದು ನೀರು ಹತ್ತಲಿಲ್ಲ. ನೀರು ಬಂದ ಊರಲ್ಲಿ ಕಬ್ಬು ಬಂತು, ಕೈ ತುಂಬಾ ಕಾಸು ಬಂತು, ಆದರೆ ಯಾರು ಯಜಮಾನ, ಯಾರು ಆಳು ಎಂಬುದು ಹೆಚ್ಚೇನೂ ಕದಲಲಿಲ್ಲ. ನೀರು ಬಾರದ ಊರಿನವರು ಮಂಡ್ಯದ ಸಕ್ಕರೆ ಕಾರ್ಖಾನೆ ಕೆಲಸ, ಗಾಡಿ ಬಾಡಿಗೆ, ವ್ಯಾಪಾರ ಎಂದು ಹೊರಗೆ ಹೊರಟರು, ಅಲ್ಲಿ ಹಳೆಯ ಕಟ್ಟು ಸಡಿಲವಾಯಿತು. ಬರೀ ದುಡ್ಡು ಹರಿದರೆ ಅಂತಸ್ತು ಬದಲಾಗುವುದಿಲ್ಲ, ಹೊರಗಿನ ಕೆಲಸಕ್ಕೆ ದಾರಿ ಸಿಕ್ಕರೆ ಬದಲಾಗುತ್ತದೆ ಎಂಬ ಮಾತಿಗೆ ನಮ್ಮ ಜಿಲ್ಲೆಯೇ ಉದಾಹರಣೆ.

ಮೈಸೂರು ಸಂಸ್ಥಾನ ಇದನ್ನು ಬೇಗ ಗುರುತಿಸಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದರು, ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾದಾಗ 1972ರಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ ಬಂತು. ಮೀಸಲು ಬಾಗಿಲು ತೆರೆಯಿತು, ಮಕ್ಕಳನ್ನು ಪೇಟೆಯಲ್ಲಿ ನಿಲ್ಲಿಸಿದ್ದು ಹಾಸ್ಟೆಲ್ಲು. ಮೈಸೂರಿನಲ್ಲಿ ಇವತ್ತಿಗೂ ಸಮುದಾಯದ ಹಾಸ್ಟೆಲ್ಲುಗಳು, ಸುತ್ತೂರು ಮಠದ ಉಚಿತ ನಿಲಯಗಳು ಇರುವುದು ಅದೇ ಎಳೆಯಲ್ಲಿ. ಸರ್ಕಾರಿ ಪಟ್ಟಿ ಬರುವತನಕ ಪಿಜಿ ಎಂದು ಆಲೆಮನೆಯವರು ಹೇಳಿದರಲ್ಲ, ಅದಕ್ಕೆ ಮುಂಚೆ ಇಂಥ ಕಡೆ ಖುದ್ದಾಗಿ ಹೋಗಿ ಕೇಳಿ. ಅರ್ಜಿ ಜೊತೆ ಅಂಕಪಟ್ಟಿ, ಆದಾಯ ಪತ್ರ, ಹುಡುಗಿಯ ಜೊತೆಗೊಬ್ಬ ಹಿರಿಯರು ಇರಲಿ.

ಲ್ಯಾಬ್ ರೆಕಾರ್ಡ್ (ಉತ್ತರ 6)

ಸೇರಿದ ಮೇಲೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಕಡೆಯಿಂದ ನಾಲ್ಕು ಮಾತು.

ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ ಹಾಜರಾತಿ ಶೇ 85 ಬೇಕು. ಮದ್ದೂರಿನ ಆಚೆಯ ಹಳ್ಳಿಯಿಂದ ಮೈಸೂರಿಗೆ ಓಡಾಡಿದರೆ ಹೋಗಿಬರಲು ದಿನಕ್ಕೆ ನಾಲ್ಕೈದು ಗಂಟೆ, ಬೆಳಗಿನ ಮೊದಲ ಪೀರಿಯಡ್ ವಾರಕ್ಕೆರಡು ಸಲ ತಪ್ಪಿಯೇ ತಪ್ಪುತ್ತದೆ. ಅದೊಂದೇ ವಿಷಯದಲ್ಲಿ ಹಾಜರಾತಿ ಕುಸಿದರೂ ಆ ಪರೀಕ್ಷೆಗೆ ಕೂರಿಸುವುದಿಲ್ಲ. ಓಡಾಡುವುದೇ ಆದರೆ ಮಂಡ್ಯದ ಕಾಲೇಜನ್ನು ಮೇಲೆ ಬರೆಯಿರಿ.

ಅಂಕ: ಆಂತರಿಕ 50ಕ್ಕೆ 20 ಬರಲೇಬೇಕು, ಅದಿಲ್ಲದೆ ಸೆಮಿಸ್ಟರ್ ಪರೀಕ್ಷೆಯೇ ಇಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ 50ರ ಲೆಕ್ಕಕ್ಕೆ 18 ಬರಬೇಕು. ಕನ್ನಡ ಮಾಧ್ಯಮದಿಂದ ಬಂದವರು ಬೀಳುವುದು ಗಣಿತದಲ್ಲಿ ಎಂದು ಜನ ತಿಳಿದಿದ್ದಾರೆ. ಅಲ್ಲ, ಲೆಕ್ಕ ಮಾಡುತ್ತಾರೆ. ಬೀಳುವುದು ವಿವರಿಸಿ ಬರೆಯುವ ಪ್ರಶ್ನೆಗಳಲ್ಲಿ, ಇನ್ನೂ ಹೆಚ್ಚಾಗಿ ಬಾಯಿಬಿಟ್ಟು ಕೇಳದೆ ಇರುವುದರಲ್ಲಿ. ಇಂಟರ್ನಲ್‌ನಲ್ಲಿ 17 ಬಂದರೆ ಮೇಷ್ಟ್ರ ಮಗಳು ಸ್ಟಾಫ್ ರೂಮಿಗೆ ಹೋಗಿ "ಮೇಡಂ, ಇನ್ನೊಂದು ಅಸೈನ್‌ಮೆಂಟ್ ಕೊಡಿ" ಎನ್ನುತ್ತಾಳೆ. ಇನ್ನೊಬ್ಬಳು ಬಾಗಿಲಲ್ಲೇ ನಿಂತು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಾಳೆ. ಅವಳಿಗೆ ಹೇಳಿಕೊಡಬೇಕಾದ್ದು ಇದು: ಕೇಳಬಹುದು, ಕನ್ನಡದಲ್ಲೇ ಕೇಳಬಹುದು, ಸೆಮಿಸ್ಟರ್ ಮುಗಿಯುವ ಎರಡು ವಾರ ಮೊದಲೇ ಕೇಳಬೇಕು. ಮೊದಲ ಸೆಮಿಸ್ಟರಿಗೆ ಹಳೆಯ ಪ್ರಶ್ನೆಪತ್ರಿಕೆ ಐದು ವರ್ಷದ್ದು ತೆಗೆದು ಉತ್ತರಗಳನ್ನು ಇಂಗ್ಲಿಷಿನಲ್ಲಿ ಕೈಯಲ್ಲಿ ಬರೆದು ರೂಢಿ ಮಾಡಿಸಿ. ಜೂನ್, ಜುಲೈ ಎರಡು ತಿಂಗಳು ಖಾಲಿಯೇ ಇರುತ್ತದೆ, ಗ್ರಂಥಾಲಯದಲ್ಲೇ ಶುರುಮಾಡಬಹುದು.

ಕ್ಯಾಂಪಸ್ ಆಯ್ಕೆಗೆ ಬರುವ ಬಹಳಷ್ಟು ಕಂಪನಿಗಳು ಹತ್ತನೇ ಕ್ಲಾಸು, ಪಿಯು, ಬಿಇ ಮೂರರಲ್ಲೂ ಶೇ 60 ಕೇಳುತ್ತವೆ, ಬಾಕಿ ವಿಷಯ ಇರಬಾರದು. ಇವಳ ಪಿಯು ಶೇ 84, ಸರಿ. ಹತ್ತನೇ ಕ್ಲಾಸಿನದು ಎಷ್ಟು? ಶಿಕ್ಷಕರಿಲ್ಲದ ಶಾಲೆಯಲ್ಲಿ ಹದಿನೈದನೇ ವಯಸ್ಸಿಗೆ ಬಂದ ಅಂಕ ಇಪ್ಪತ್ತೊಂದನೇ ವಯಸ್ಸಿನಲ್ಲಿ ಅಡ್ಡ ಬರುತ್ತದೆ.

ಅರಳೀಕಟ್ಟೆ

ಹತ್ತರಲ್ಲಿ ಶೇ 71, ಪಾರು.

ಫೋನ್ ನಂಬರ್ ತಿದ್ದುಪಡಿಗೆ ಏನು ಮಾಡಬೇಕು ಅಂತ ಕೆಇಎ ಸಹಾಯವಾಣಿಗೆ ಕೇಳಿ ಬರೆದುಕೊಂಡಿದ್ದೇನೆ. ಅವಳ ಆಧಾರ್ ನೋಡಿದರೆ ನೀವು ಹೇಳಿದ ಹಾಗೇ ಹಳೇ ಶಾಲೆಯ ಖಾತೆಗೆ ಜೋಡಣೆ ಆಗಿದೆ. ನಮೂನೆ ಎಫ್‌ನ ಅವಧಿ ಬರುವ ಆಗಸ್ಟ್‌ಗೆ ಮುಗಿಯುತ್ತೆ, ಹೊಸದಕ್ಕೆ ಹಾಕಲೇಬೇಕು. ಮಂಗಳವಾರ ಅವ್ವನಿಗೆ ಕಳೆ ಕೀಳೋ ಕೆಲಸ ಇಲ್ಲವಂತೆ. ಅವತ್ತೇ ಬ್ಯಾಂಕು, ಆಧಾರ್ ಕೇಂದ್ರ, ನಾಡಕಚೇರಿ ಮೂರನ್ನೂ ಒಂದೇ ಓಡಾಟದಲ್ಲಿ ಮುಗಿಸೋಣ ಅಂತಿದ್ದೀವಿ. ಮೊದಲು ಯಾವುದಕ್ಕೆ ಹೋಗಲಿ?

ಅರ್ಜಿ ಬರೆಯುವವ, ಮಂಡ್ಯ

ಆಧಾರ್ ಕೇಂದ್ರಕ್ಕೆ, ಬೆಳಗ್ಗೆ ಬಾಗಿಲು ತೆಗೆಯೋ ಮುಂಚೆ. ಟೋಕನ್ ತಗೊಂಡು ಕಾಯೋ ಹೊತ್ತಲ್ಲಿ ಒಬ್ಬರು ನಾಡಕಚೇರಿ ಅರ್ಜಿ ಮುಗಿಸಲಿ. ಬ್ಯಾಂಕಿನಲ್ಲಿ ಹೆಸರು ತಿದ್ದಿಸೋದು ಆಧಾರ್ ಹೊಸದಾಗಿ ಬಂದಮೇಲೆ, ಮಂಗಳವಾರ ಸೀಡಿಂಗ್ ಅರ್ಜಿ ಮಾತ್ರ ಕೊಡಿ. ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ ಮರೀಬೇಡಿ, ಜೆರಾಕ್ಸ್ ನಡೆಯಲ್ಲ.